ಹಳೆಯ ಮಾರ್ಟಿನಿ ಗುರಿ ರೈಫಲ್‌ನ ಮೂಲ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದಿಂದ ಇಳಿದ, ಹರಾಜಿನಲ್ಲಿ ಸಿಕ್ಕ, ಅಜ್ಜನಿಂದ ಮೊಮ್ಮಗನಿಗೆ ದಾಟಿದ ಹಳೆಯ .22 (ಅಂದರೆ ಸುಮಾರು 0.22 ಅಂಗುಲ ತೂತಿನ) ರೈಫಲ್ ಕೈಯಲ್ಲಿ ಹಿಡಿದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬಹುಪಾಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಯ ಮಾರ್ಟಿನಿಗೆ ಸೇರಿದವು, ಏಕೆಂದರೆ ಈ ಜಾತಿಯಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಅದೇ. ಲೋಹದ ಮೇಲಿನ ಮುದ್ರೆಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ; ಇಲ್ಲಿ ಅವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ.

## ಮೊದಲು ತಿಳಿಯಬೇಕಾದದ್ದು

ಕೆಳಗೆ ಒಂದು ಲಿವರ್ ಇದೆ. ಬೋಲ್ಟ್ ಇಲ್ಲ, ಮ್ಯಾಗಜೀನೂ ಇಲ್ಲ. ಇದು ಯಾವ ಜಾತಿಯ ಬಂದೂಕು?

ಲಿವರ್ ಕೆಳಗೆ ಒತ್ತಿದಾಗ ಒಳಗಿನ ಉಕ್ಕಿನ ದಿಮ್ಮಿಯ ಮುಂಭಾಗ ತಗ್ಗಿ, ಹಿಂಭಾಗ ಕೀಲಿನ ಮೇಲೆ ನಿಂತರೆ ಅದು ಮಾರ್ಟಿನಿ. ತಗ್ಗಿದ ದಿಮ್ಮಿಯ ಮೇಲ್ಭಾಗದಲ್ಲಿ ಸಣ್ಣ ಕಾಲುವೆಯಂಥ ಜಾಡು ಇರುತ್ತದೆ. ತೋಟಾವನ್ನು ಅದರ ಮೇಲೆ ಜಾರಿಸಿ ಚೇಂಬರಿಗೆ (ಬ್ಯಾರಲ್ ಬುಡದಲ್ಲಿ ತೋಟಾ ಕೂರುವ ಜಾಗಕ್ಕೆ) ದೂಡಬೇಕು. ಒಂದು ಸಲಕ್ಕೆ ಒಂದೇ ತೋಟಾ.

ಮೂಲ ಕಲ್ಪನೆ ಅಮೆರಿಕದ ಹೆನ್ರಿ ಪೀಬಡಿಯದು, 1862ರ ಪೇಟೆಂಟ್. ಅದರ ಸುತ್ತಿಗೆ ಹೊರಗಿತ್ತು. ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಫಾನ್ ಮಾರ್ಟಿನಿ ಸುತ್ತಿಗೆ ತೆಗೆದು, ಹೊಡೆಯುವ ಸೂಜಿಯನ್ನು ದಿಮ್ಮಿಯೊಳಗೇ ಕೂರಿಸಿದ. 1871ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಇದೇ ಕುಲದ್ದು. ಆ ದೊಡ್ಡ ಯಂತ್ರವನ್ನು ಕುಗ್ಗಿಸಿ .22ಕ್ಕೆ ಇಳಿಸಿದ್ದೇ ನಿಮ್ಮ ಕೈಯಲ್ಲಿರುವುದು. ಟ್ರಿಗರ್ ಎಳೆದ ಕ್ಷಣಕ್ಕೂ ಸೂಜಿ ಬಡಿಯುವ ಕ್ಷಣಕ್ಕೂ ನಡುವಿನ ಸಮಯ ಬಹಳ ಕಡಿಮೆ. ಗುರಿಕಾರರು ಇದನ್ನು ಮೆಚ್ಚಿದ್ದು ಅದಕ್ಕೇ.

ಇಂಗ್ಲೆಂಡಿನಲ್ಲಿ ಇಷ್ಟೊಂದು .22 ಗುರಿ ರೈಫಲ್ ಯಾಕೆ ಮಾಡಿದರು?

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಗುರಿಯ ಬಡತನ ಬಯಲಾಯಿತು. ಸಾಮಾನ್ಯ ಕೆಲಸಗಾರರಿಗೂ ಗುರಿ ಕಲಿಸಬೇಕೆಂದು 1901ರಲ್ಲಿ ಒಂದು ಸೊಸೈಟಿ ಹುಟ್ಟಿತು. ಅದೇ ಮುಂದೆ ‘ಸೊಸೈಟಿ ಆಫ್ ಮಿನಿಯೇಚರ್ ರೈಫಲ್ ಕ್ಲಬ್ಸ್’ ಎಂದಾಯಿತು. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಇದರ ದೊಡ್ಡ ಪ್ರಚಾರಕ. ಕಾರ್ಖಾನೆ, ಚರ್ಚು, ರೈಲ್ವೆ ಡಿಪೊಗಳ ಹಿಂದೆ 25 ಗಜದ ಗುರಿ ಅಂಕಣಗಳು ಎದ್ದವು. ಅಗ್ಗದ ತೋಟಾ, ಕಡಿಮೆ ಸದ್ದು, ಗಟ್ಟಿ ರೈಫಲ್ ಬೇಕಾಗಿತ್ತು. ನಿಮ್ಮ ರೈಫಲ್ ಮೇಲೆ ‘ಎಸ್.ಎಂ.ಆರ್.ಸಿ.’ ಎಂದಿದ್ದರೆ ಅದು ಈ ಸೊಸೈಟಿಯ ಮುದ್ರೆ, ತಯಾರಕರ ಹೆಸರಲ್ಲ.

ಬಿಎಸ್‌ಎ ಅಂದ್ರೆ ಬೈಕ್ ಕಂಪನಿ ಅಲ್ವಾ? ಏರ್‌ಗನ್ ಕೂಡ ಅವರದ್ದೇ?

ಮೂರೂ ಅವರವೇ, ಆದರೆ ಬಂದೂಕು ಮೊದಲು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ 1861ರಲ್ಲಿ ಶುರುವಾಯಿತು, ಕಾರ್ಖಾನೆ ಸ್ಮಾಲ್ ಹೀತ್‌ನಲ್ಲಿ. ಮೂರು ರೈಫಲ್‌ಗಳನ್ನು ತುದಿ ಕೂಡಿಸಿ ನಿಲ್ಲಿಸಿದ ಚಿತ್ರ ಅವರ ಗುರುತು. ಬೈಕಿನ ಟ್ಯಾಂಕಿನ ಮೇಲೂ ಅದೇ. ಈ ಚಿತ್ರ ಕಂಡ ಮಾತ್ರಕ್ಕೆ ಇಡೀ ರೈಫಲ್ ಬಿಎಸ್‌ಎಯಲ್ಲೇ ಜೋಡಣೆಯಾಯಿತು ಎನ್ನಬೇಡಿ. ಅವರು ಬರಿಯ ಆ್ಯಕ್ಷನ್‌ಗಳನ್ನು (ಬ್ಯಾರಲ್, ಮರ ಬಿಟ್ಟು ಉಳಿದ ಹಾರಿಸುವ ಯಂತ್ರಭಾಗ) ಬೇರೆ ಬಂದೂಕು ಕಟ್ಟುವವರಿಗೂ ಮಾರುತ್ತಿದ್ದರು.

ನೂರು ವರ್ಷ ಹಳೆಯದು, ಗೋಡೆಗೆ ನೇತುಹಾಕಿದ್ದೇವೆ ಅಷ್ಟೆ. ಲೈಸೆನ್ಸ್ ಬೇಕಾ?

ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಪುರಾತನ ಆಯುಧಕ್ಕೆ ಬಿಡುವು ಕೊಡುವುದು ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿರುವ ಆಯುಧಕ್ಕೆ ಮಾತ್ರ. .22 ಮಾರ್ಟಿನಿಗೆ ತೋಟಾ ಇವತ್ತೂ ಸಿಗುತ್ತದೆ, ಒಂದು ಸ್ಪ್ರಿಂಗ್ ಹಾಕಿದರೆ ಓಡುತ್ತದೆ. ಹಾಗಾಗಿ ಅದು ಪೂರ್ಣ ಬಂದೂಕೇ.

2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಹೆಚ್ಚೆಂದರೆ ಎರಡು ಬಂದೂಕು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್‌ಗೆ ಈ ಮಿತಿಯಿಂದ ಬಿಡುವು ಇದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಪತ್ರದಲ್ಲಿ ಬರೆದ ನಂಬರು ಕೋವಿಯ ಮೇಲಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಮೊದಲು ನೋಡಿ. ಕಾಗದ ಇಲ್ಲದ ಬಂದೂಕು ಕೈಗೆ ಬಂದರೆ ಸಂಶೋಧನೆ ಆಮೇಲೆ. ಮೊದಲು ವಕೀಲರು, ನಂತರ ಠಾಣೆ ಅಥವಾ ಜಿಲ್ಲಾಧಿಕಾರಿ ಕಚೇರಿ.

ತುಕ್ಕು ಹಿಡಿದು ಅಕ್ಷರ ಕಾಣುತ್ತಿಲ್ಲ. ಮರಳು ಕಾಗದದಲ್ಲಿ ಉಜ್ಜಲಾ?

ಖಂಡಿತ ಬೇಡ. ಮುದ್ರೆಯ ಆಳ ಕೂದಲೆಳೆಯಷ್ಟು. ನಾಲ್ಕು ಸಲ ಉಜ್ಜಿದರೆ ವರ್ಷ ಹೇಳುವ ಅಕ್ಷರ ಹೋಯಿತು. ಮೇಲಾಗಿ ಬಂದೂಕಿನ ಹೆಸರು, ನಂಬರು, ಗುರುತು ಅಳಿಸುವುದು ಕಾಯ್ದೆಯ 8ನೇ ಕಲಮಿನ ಪ್ರಕಾರ ಅಪರಾಧ. ‘ಕ್ಲೀನ್ ಮಾಡ್ತಿದ್ದೆ ಸಾರ್’ ಎಂದರೆ ಯಾರೂ ಕೇಳುವುದಿಲ್ಲ.

ಮೊದಲು ಲಿವರ್ ತಗ್ಗಿಸಿ ಚೇಂಬರ್ ಖಾಲಿ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಮುರಿದ ತೋಟಾದ ಚಿಪ್ಪು ದಶಕಗಳಿಂದ ಅಂಟಿಕೊಂಡಿರುವುದುಂಟು. ಆಮೇಲೆ ತೆಳುವಾದ ಮೆಷಿನ್ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಳೆಯ ಹತ್ತಿಬಟ್ಟೆಯಲ್ಲಿ ಒರೆಸಿ. ಮುದ್ರೆಯ ಸಂದಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು, ತಂತಿ ಬ್ರಷ್ ಬೇಡ.

ನಮ್ಮ ಕಡೆಯ ಬಂದೂಕುಗಳಿಗೆ ಇನ್ನೊಂದು ತೊಂದರೆ ಇದೆ. ಆಯುಧಪೂಜೆಗೆ, ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ಹಚ್ಚಿದ ಗಂಧ, ಅರಿಸಿನ, ಕುಂಕುಮ ಮುದ್ರೆಯ ಗುಳಿಯಲ್ಲೇ ಕೂತು ತೇವ ಹಿಡಿದಿಟ್ಟುಕೊಳ್ಳುತ್ತವೆ. ತುಕ್ಕು ಅಲ್ಲಿಂದಲೇ ಶುರು. ಪೂಜೆಯ ಬೊಟ್ಟನ್ನು ಮರದ ಬಟ್ಟಿನ (ಭುಜಕ್ಕೆ ಒತ್ತುವ ಹಿಂಬದಿಯ) ಮೇಲೆ ಇಡಿ, ಲೋಹಕ್ಕೆ ಒಂದು ಹೂವು ಸಾಕು.

## ಮುದ್ರೆ ಓದುವುದು

ಬ್ಯಾರಲ್ ಮೇಲೆ ಕಲ್ಕತ್ತಾದ ಹೆಸರಿದೆ. ಹಾಗಾದರೆ ಇದು ಕಲ್ಕತ್ತಾದಲ್ಲೇ ಮಾಡಿದ್ದಾ?

ಹೆಚ್ಚಾಗಿ ಅಲ್ಲ, ಅದು ಅಂಗಡಿಯ ಹೆಸರು. ಕಲ್ಕತ್ತಾದ ಮ್ಯಾಂಟನ್, ಆರ್.ಬಿ. ರೊಡ್ಡಾ, ಲಯನ್ ಆ್ಯಂಡ್ ಲಯನ್, ವಾಲ್ಟರ್ ಲಾಕ್, ಮದರಾಸಿನ ಓಕ್ಸ್ ಮುಂತಾದ ವ್ಯಾಪಾರಿಗಳು ಇಂಗ್ಲೆಂಡಿನಿಂದ ಬಂದೂಕು ತರಿಸಿ ತಮ್ಮ ಹೆಸರು ಕೆತ್ತಿಸುತ್ತಿದ್ದರು. ಜವಳಿ ಅಂಗಡಿ ಸೀರೆಯ ಅಂಚಿಗೆ ತನ್ನ ಚೀಟಿ ಹೊಲಿದಂತೆ. ನೇಯ್ದವರು ಬೇರೆ.

ಅಂಗಡಿ ಹೆಸರಿನಿಂದಲೂ ಲಾಭವಿದೆ, ಕಾಲಮಿತಿ ಸಿಗುತ್ತದೆ. ಉದಾಹರಣೆಗೆ ‘ಆರ್ಮಿ ಆ್ಯಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ’ 1934ರಲ್ಲಿ ‘ಆರ್ಮಿ ಆ್ಯಂಡ್ ನೇವಿ ಸ್ಟೋರ್ಸ್’ ಆಯಿತು. ಅವರ ಬೊಂಬಾಯಿ ಶಾಖೆ ತೆರೆದದ್ದು 1891ರಲ್ಲಿ. ‘ವಿಕರ್ಸ್ ಲಿಮಿಟೆಡ್’ ಎಂದಿದ್ದರೆ 1927ರ ವಿಲೀನಕ್ಕೂ ಹಿಂದಿನ ಹೆಸರು, ‘ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್’ ಎಂದಿದ್ದರೆ ಅದರ ನಂತರದ್ದು. ಬಿಎಸ್‌ಎ ವಿಷಯದಲ್ಲಿ ಈ ಲೆಕ್ಕ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ: ‘ಬಿಎಸ್‌ಎ ಗನ್ಸ್ ಲಿಮಿಟೆಡ್’ ಎಂಬ ಅಂಗಸಂಸ್ಥೆ ಹುಟ್ಟಿದ್ದು 1919ರಲ್ಲಿ, ಆದ್ದರಿಂದ ಆ ಹೆಸರಿದ್ದರೆ ರೈಫಲ್ ಅದಕ್ಕಿಂತ ಹಳೆಯದಲ್ಲ. ಹಳೆಯ ಪೂರ್ಣ ಹೆಸರು ಇದ್ದ ಮಾತ್ರಕ್ಕೆ 1919ಕ್ಕೂ ಹಿಂದಿನದು ಎನ್ನಲಾಗದು.

ಬ್ಯಾರಲ್ ಬುಡದಲ್ಲಿ ಕಿರೀಟ, ಅದರ ಕೆಳಗೆ ಅಕ್ಷರ ಇವೆ. ರಾಜಮನೆತನದ ಬಂದೂಕಾ?

ಈ ಪ್ರಶ್ನೆ ಬಾರದ ವಾರವಿಲ್ಲ. ರಾಜನಿಗೂ ಇದಕ್ಕೂ ಸಂಬಂಧವಿಲ್ಲ, ಅದು ಪ್ರೂಫ್ ಮುದ್ರೆ. ಬ್ರಿಟನ್ನಿನಲ್ಲಿ ಬಂದೂಕು ಮಾರುವ ಮುನ್ನ ಸರ್ಕಾರ ಮಾನ್ಯ ಮಾಡಿದ ಪರೀಕ್ಷಾ ಮನೆಯಲ್ಲಿ ಹೆಚ್ಚು ಒತ್ತಡದ ತೋಟಾ ಹಾರಿಸಿ, ಬ್ಯಾರಲ್ ತಡೆದರೆ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು, ಲಂಡನ್ನಿನದು 1637ರಷ್ಟು ಹಳೆಯದು.

ಬರ್ಮಿಂಗ್‌ಹ್ಯಾಮ್ ಮುದ್ರೆಯ ಕಾಲ ಹೀಗೆ ತಿಳಿಯಿರಿ. ಕಿರೀಟದ ಕೆಳಗೆ ಅಡ್ಡಹಾಕಿದ ಎರಡು ರಾಜದಂಡ, ಸಂದಿಯಲ್ಲಿ ‘ಬಿಪಿಸಿ’ ಅಥವಾ ‘ವಿ’ ಇದ್ದರೆ 1904ಕ್ಕೂ ಹಿಂದಿನದು. ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’, ‘ಎನ್‌ಪಿ’ ಎಂಬ ಬೇರೆ ಬೇರೆ ಮುದ್ರೆಗಳಿದ್ದರೆ 1904ರಿಂದ 1954ರ ನಡುವೆ. ಮೂರೂ ಸೇರಿ ಒಂದೇ ‘ಬಿಎನ್‌ಪಿ’ ಆಗಿದ್ದರೆ 1954ರ ನಿಯಮಗಳ ನಂತರ. ‘ಜಿಪಿ’ ಎಂಬ ಎರಡಕ್ಷರ ಹೆಣೆದುಕೊಂಡಿದ್ದರೆ ಲಂಡನ್. ಕಿರೀಟದ ಕೆಳಗೆ ಒಂಟಿ ‘ಆರ್’ ಕಂಡರೆ ಮರುಪರೀಕ್ಷೆ, ಅಂದರೆ ಹೊಸ ಬ್ಯಾರಲ್ ಅಥವಾ ದೊಡ್ಡ ರಿಪೇರಿ ಆಗಿದೆ.

ಪ್ರೂಫ್ ಮುದ್ರೆಯಿಂದ ನಿಖರ ವರ್ಷ ಸಿಗುತ್ತದಾ?

ಎರಡು ಮಹಾಯುದ್ಧಗಳ ನಡುವಿನದಾಗಿದ್ದು, ಅದೃಷ್ಟವಿದ್ದರೆ ಸಿಗುತ್ತದೆ. ಬರ್ಮಿಂಗ್‌ಹ್ಯಾಮ್ ಪರೀಕ್ಷಕರು 1921ರಿಂದ ಪ್ರತ್ಯೇಕವಾದ ಪುಟ್ಟ ಗುರುತೊಂದನ್ನು ಒತ್ತುತ್ತಿದ್ದರು: ಗುಣಾಕಾರ ಚಿಹ್ನೆಯಂತೆ ಅಡ್ಡಹಾಕಿದ ಎರಡು ಗೀಟು, ಒಂದು ಸಂದಿಯಲ್ಲಿ ವರ್ಷದ ಅಕ್ಷರ, ಎದುರು ಸಂದಿಯಲ್ಲಿ ‘ಬಿ’, ಕೆಳಗೆ ಪರೀಕ್ಷಕರ ಸಂಖ್ಯೆ. ‘ಎ’ ಅಂದರೆ 1921–22. ಅಲ್ಲಿಂದ ವರ್ಷಕ್ಕೊಂದು ಅಕ್ಷರ, ‘ಐ’ ಮತ್ತು ‘ಕ್ಯೂ’ ಬಿಟ್ಟು. ಲೆಕ್ಕ ಹಾಕಿದರೆ ‘ಜೆ’ 1929–30ಕ್ಕೆ, ‘ಪಿ’ 1935–36ಕ್ಕೆ ಬರುತ್ತದೆ. ಸಾಲು 1941ರ ಹೊತ್ತಿಗೆ ನಿಲ್ಲುತ್ತದೆ.

ಈ ಗುರುತು ಜೋಳದ ಕಾಳಿಗಿಂತ ಚಿಕ್ಕದು, ಹಲವು ಸಲ ಅರ್ಧವೇ ಒತ್ತಿರುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬ್ಯಾರಲ್‌ಗೆ ಹೆಚ್ಚುಕಡಿಮೆ ತಾಗಿಸಿ, ಪಕ್ಕದಿಂದ ಬೆಳಕು ಬಿಡಿ. ಎದುರಿನಿಂದ ಬಿಟ್ಟರೆ ಲೋಹ ಹೊಳೆದು ಏನೂ ಕಾಣದು. ಬಿಳಿ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಸವರಿ, ಮೇಲಿನದನ್ನು ಒರೆಸಿದರೆ ಗುಳಿಯಲ್ಲಿ ಉಳಿದ ಪುಡಿ ಅಕ್ಷರ ತೋರಿಸುತ್ತದೆ. ಫೋಟೊ ಆದ ಮೇಲೆ ಪುಡಿಯನ್ನು ಎಣ್ಣೆಬಟ್ಟೆಯಿಂದ ತೆಗೆಯಿರಿ. ಅನುಮಾನವಿದ್ದರೆ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಫೋಟೊದಲ್ಲಿ ‘ಪಿ’ಯಂತೆ ಕಂಡದ್ದು ಅಚ್ಚಿನಲ್ಲಿ ‘ಆರ್’ ಆಗುವುದುಂಟು.

ಒಂದು ಮಾತು ನೆನಪಿಡಿ, ಇದು ಪರೀಕ್ಷೆಯಾದ ವರ್ಷ. ಮಾರಾಟ ತಿಂಗಳುಗಳ ನಂತರವೂ ಆಗಿರಬಹುದು. ಭಾರತಕ್ಕೆ ಹಡಗಿನಲ್ಲಿ ಬಂದ ಸರಕು ಅಂಗಡಿಯಲ್ಲಿ ಇನ್ನಷ್ಟು ಕಾಲ ಕೂತಿರಬಹುದು.

ಬಿಎಸ್‌ಎ ಮಾಡೆಲ್ 12, 15, 12/15, ಇಂಟರ್‌ನ್ಯಾಷನಲ್: ನನ್ನದು ಯಾವುದು?

ಕಾಲಕ್ರಮ ಹೀಗಿದೆ. ಮಾಡೆಲ್ 12 ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನದು, ಕ್ಲಬ್ಬುಗಳ ದುಡಿಮೆಯ ಎತ್ತು. ಮಾಡೆಲ್ 15 ಮೂವತ್ತರ ದಶಕದ್ದು, ದಪ್ಪ ಬ್ಯಾರಲ್. ಆ ದಶಕದ ಕೊನೆಗೆ ಎರಡರ ಗುಣ ಬೆರೆಸಿದ 12/15 ಬಂತು, ಯುದ್ಧದ ನಂತರವೂ ಮುಂದುವರಿಯಿತು. 1950ರಿಂದ ಮಾರ್ಟಿನಿ ಇಂಟರ್‌ನ್ಯಾಷನಲ್ ಸರಣಿ. ಅದು ಭಾರೀ ತೂಕದ, ಪೂರ್ಣ ಸ್ಪರ್ಧೆಯ ಯಂತ್ರ, ಹೆಸರು ಸಾಮಾನ್ಯವಾಗಿ ಮೈಮೇಲೇ ಇರುತ್ತದೆ.

ಮಾಡೆಲ್ 12ರ ಮೇಲೆ ‘ಮಾಡೆಲ್ 12’ ಎಂದು ಬರೆದಿರಲೇಬೇಕೆಂದಿಲ್ಲ, ಎಷ್ಟೋ ಜನ ದಾರಿ ತಪ್ಪುವುದು ಇಲ್ಲೇ. ಬ್ಯಾರಲ್ ಉದ್ದವನ್ನು ಬಾಯಿಯಿಂದ ದಿಮ್ಮಿಯ ಮುಖದವರೆಗೆ ಅಳೆಯಿರಿ. 12ಕ್ಕೂ 15ಕ್ಕೂ 29 ಅಂಗುಲವೇ ರೂಢಿ, ಆದ್ದರಿಂದ ಉದ್ದದಿಂದ ಅವೆರಡನ್ನು ಬೇರ್ಪಡಿಸಲಾಗದು. ಬಾಯಿಯ ಬಳಿ ಮತ್ತು ಬುಡದ ಬಳಿ ವರ್ನಿಯರ್ ಕ್ಯಾಲಿಪರ್ ಹಿಡಿದು ದಪ್ಪ ಬರೆದುಕೊಳ್ಳಿ, ಒಟ್ಟು ತೂಕ ತೂಗಿ, ಮುಂಬದಿ ಮರದ ಆಕಾರ ನೋಡಿ. ನಂತರ ಹಳೆಯ ಕ್ಯಾಟಲಾಗ್ ಚಿತ್ರಕ್ಕೆ ಹೋಲಿಸಿ. 29ಕ್ಕಿಂತ ಒಂದೆರಡು ಅಂಗುಲ ಕಡಿಮೆ ಬಂದು, ಬಾಯಿಯ ಅಂಚು ಒರಟಾಗಿದ್ದರೆ ಯಾರೋ ಕತ್ತರಿಸಿದ್ದಾರೆ.

ಆ್ಯಕ್ಷನ್ ಪಕ್ಕದಲ್ಲಿ ಕಾಂಗರೂ ಚಿತ್ರ ಇದೆ!

ಹಾಗಾದರೆ ಅದು ಹುಟ್ಟಿನಿಂದ .22 ಅಲ್ಲ. ಆಸ್ಟ್ರೇಲಿಯಾ ಸರ್ಕಾರ ಶಾಲಾ ಕೆಡೆಟ್‌ಗಳಿಗೆಂದು ಬಿಎಸ್‌ಎ ಮತ್ತು ಗ್ರೀನರ್ ಕಂಪನಿಗಳಿಂದ ಮಾಡಿಸಿದ .310 ಮಾರ್ಟಿನಿ ಅದು. ‘ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯಾ’ ಎಂದೂ ಇರುತ್ತದೆ. ಸರ್ಕಾರ ಮಾರಿಬಿಟ್ಟ ಮೇಲೆ ಬಂದೂಕು ಕಟ್ಟುವವರು ಅವಕ್ಕೆ .22 ಮತ್ತಿತರ ಬ್ಯಾರಲ್ ಹಾಕಿದರು. ಆ್ಯಕ್ಷನ್‌ಗೆ ಒಂದು ಜಾತಕ, ಬ್ಯಾರಲ್‌ಗೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಬಾಣದ ಗುರುತು ಇದೆ, ಅದು ಏನು?

ಮೂರು ಗೀಟಿನ ಅಗಲ ಬಾಣ ಬ್ರಿಟಿಷ್ ಸರ್ಕಾರದ ಸೊತ್ತಿನ ಗುರುತು. ಅದರ ಕೆಳಗೆ ‘ಐ’ ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳ ತುದಿ ಎದುರುಬದುರಾಗಿದ್ದರೆ ಸೇವೆಯಿಂದ ಹೊರಗೆ ಮಾರಲಾಗಿದೆ ಎಂದರ್ಥ. ಲೀ-ಎನ್‌ಫೀಲ್ಡ್ ಮಾದರಿಯ .22 ತರಬೇತಿ ರೈಫಲ್‌ಗಳಲ್ಲಿ ಇವು ಸಾಮಾನ್ಯ. ಸರ್ಕಾರದ ಬಾಣವಿದ್ದು, ಮಾರಿದ ಗುರುತೂ ಇಲ್ಲ, ಮಾರಿದ ಕಾಗದವೂ ಇಲ್ಲ ಎಂದಾದರೆ ಲೈಸೆನ್ಸ್ ಕಡತವನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಲೇಬೇಕು.

ಬರ್ಮಿಂಗ್‌ಹ್ಯಾಮ್ ಮುದ್ರೆ ಇಲ್ಲವೇ ಇಲ್ಲ. ನಕಲಿಯಾ?

ಬೇರೆ ದೇಶದ್ದಿರಬಹುದು. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಇದ್ದರೆ ಬೆಲ್ಜಿಯಂನ ಲಿಯೆಜ್. ಮೊಟ್ಟೆಯ ಮೇಲೆ ಕಿರೀಟವೂ ಇದ್ದರೆ 1893ರ ನಂತರ. ಮಾರ್ಟಿನಿಯ ಒಳಯಂತ್ರವನ್ನು ಇಡಿಯಾಗಿ ಹೊರತೆಗೆಯುವಂತೆ ಮಾಡಿದ ಫ್ರಾಂಕೋಟ್ ಕೂಡ ಲಿಯೆಜ್‌ನವನೇ. ಜರ್ಮನಿಯದಾದರೆ ಹದ್ದು ಮತ್ತು ‘ಎನ್’ 1939ರ ಕಾನೂನಿನ ನಂತರದ್ದು. ಅದಕ್ಕೂ ಮೊದಲು ಕಿರೀಟದ ಕೆಳಗಿನ ಅಕ್ಷರಗಳು. ವಾಲ್ಟರ್, ಆನ್‌ಶುಟ್ಸ್ ಎರಡಕ್ಕೂ ಊರೇ ಸಾಕ್ಷಿ: ‘ಝೆಲ್ಲಾ-ಮೆಹ್ಲಿಸ್’ ಎಂದಿದ್ದರೆ ಯುದ್ಧಕ್ಕೆ ಮೊದಲಿನದು ಅಥವಾ ಯುದ್ಧಕಾಲದ್ದು, ‘ಉಲ್ಮ್’ ಎಂದಿದ್ದರೆ ಯುದ್ಧದ ನಂತರದ್ದು. ಅಮೆರಿಕದಲ್ಲಿ ಸರ್ಕಾರಿ ಪರೀಕ್ಷೆ ಇಲ್ಲ. ವಿಂಚೆಸ್ಟರ್ ಮೇಲಿನ ‘ಡಬ್ಲ್ಯುಪಿ’ ಕಂಪನಿಯ ಸ್ವಂತ ಮುದ್ರೆ. ಹೊರದೇಶದ ಬಂದೂಕು ಬ್ರಿಟನ್ನಿನಲ್ಲಿ ಪರೀಕ್ಷೆಗೊಳಗಾಗಿದ್ದರೆ ‘ನಾಟ್ ಇಂಗ್ಲಿಷ್ ಮೇಕ್’ ಎಂಬ ನಿಷ್ಠುರ ಮಾತು ಕಾಣಸಿಗುತ್ತದೆ.

## ಮರ ಬಿಚ್ಚಿ ನೋಡುವುದು

ಮರ ಬಿಚ್ಚಿದರೆ ಹಾಳಾಗುತ್ತದಾ? ಬಿಚ್ಚಲೇಬೇಕಾ?

ಬಿಚ್ಚದಿದ್ದರೆ ಅರ್ಧ ಸಾಕ್ಷ್ಯ ಕಾಣುವುದೇ ಇಲ್ಲ. ಪ್ರೂಫ್ ಗುರುತು, ಬ್ಯಾರಲ್ ನಂಬರು, ಕೆಲಸಗಾರರ ಸಣ್ಣ ಮುದ್ರೆಗಳು ಎಷ್ಟೋ ಸಲ ಮುಂಬದಿ ಮರದ ಕೆಳಗಿರುತ್ತವೆ. ಹಾಳಾಗುವುದು ತಪ್ಪು ಸ್ಕ್ರೂಡ್ರೈವರ್‌ನಿಂದ. ಹಳೆಯ ಬ್ರಿಟಿಷ್ ಸ್ಕ್ರೂಗಳ ಗೀರು ಬಹಳ ಕಿರಿದು. ಮನೆಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯಂತೆ ಇಳಿಜಾರಾಗಿರುವುದರಿಂದ ಮೇಲೆ ಮಾತ್ರ ಕಚ್ಚಿ ಜಾರುತ್ತದೆ, ಗೀರು ಹರಿಯುತ್ತದೆ. ತುದಿಯನ್ನು ಎರಡೂ ಪಕ್ಕ ಸಮಾಂತರವಾಗಿ ಅರದಿಂದ ತೀಡಿ, ಗೀರಿನ ಅಗಲ, ಉದ್ದ, ಆಳ ಮೂರಕ್ಕೂ ಸರಿಯಾಗಿ ಕೂರುವಂತೆ ಮಾಡಿ.

ಮುಂಬದಿ ಮರ ಕೆಳಗಿನ ಸ್ಕ್ರೂ ತೆಗೆದರೆ ಬಿಡುತ್ತದೆ. ಹಿಂಬದಿ ಬಟ್ ನಿಂತಿರುವುದು ಮರದೊಳಗೆ ಉದ್ದಕ್ಕೂ ಹಾದ ಒಂದು ಬೋಲ್ಟಿನ ಮೇಲೆ: ಬಟ್ ಪ್ಲೇಟಿನ ಎರಡು ಸ್ಕ್ರೂ ತೆಗೆದು, ಒಳಗಿನ ತೂತಿಗೆ ಸುಮಾರು ಒಂದಡಿ ಉದ್ದದ ಸ್ಕ್ರೂಡ್ರೈವರ್ ಇಳಿಸಬೇಕು. ಬೋಲ್ಟ್ ಅಲುಗದಿದ್ದರೆ ಬಲ ಹಾಕಬೇಡಿ, ಬಟ್ಟಿನ ಕುತ್ತಿಗೆ ಸೀಳುತ್ತದೆ. ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ಈ ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಯಲ್ಲಿ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಬಟ್ ಪ್ಲೇಟಿನ ಹಿಂದಿನ ಮರದ ಮುಖವನ್ನು ಮರೆಯದೆ ನೋಡಿ. ನಂಬರಿನ ಕೊನೆಯ ಅಂಕಿಗಳು, ಪೆನ್ಸಿಲ್ ಬರಹ, ಮಡಚಿಟ್ಟ ಚೀಟಿ, ಏನು ಬೇಕಾದರೂ ಇರಬಹುದು.

ಆ್ಯಕ್ಷನ್ ಮೇಲೊಂದು ನಂಬರು, ಬ್ಯಾರಲ್ ಮೇಲೊಂದು. ಯಾವುದು ಸರಿ?

ಎರಡೂ ಸರಿ, ಬ್ಯಾರಲ್ ಬದಲಾಗಿರಬಹುದು. ಗುರಿ ರೈಫಲ್‌ನಲ್ಲಿ ಬ್ಯಾರಲ್ ಸವೆಯುವ ಭಾಗ. ಕ್ಲಬ್ಬಿನ ರೈಫಲ್ ಸಾವಿರಾರು ಗುಂಡು ನುಂಗುತ್ತದೆ. ಹಳೆಯ ತೋಟಾದ ಉಪ್ಪಿನಂಶದ ಮಸಿ ಒಳಮೈ ತಿಂದಿರುತ್ತದೆ. ಮರುಪರೀಕ್ಷೆಯ ‘ಆರ್’ ಜೊತೆಗಿದ್ದರೆ ಅನುಮಾನ ತೀರಿತು. ಲೈಸೆನ್ಸ್ ಪುಸ್ತಕದಲ್ಲಿ ಯಾವ ನಂಬರು ಏರಿದೆ ಎಂದು ನೋಡಿ. ಬ್ಯಾರಲ್‌ನ ಪೇಟೆಂಟ್ ನಂಬರನ್ನೇ ಬಂದೂಕಿನ ನಂಬರೆಂದು ಗುಮಾಸ್ತರು ಬರೆದುಕೊಂಡ ಕಡತಗಳಿವೆ. ನಂಬರಿನ ಮುಂದಿರುವ ಅಕ್ಷರ ನಂಬರಿನದೇ ಭಾಗ, ಬಿಡಬೇಡಿ.

ಬ್ಯಾರಲ್ ಬಾಯಲ್ಲಿ ಉಂಗುರದಂಥ ಗೆರೆ ಕಾಣುತ್ತದೆ. ಬಿರುಕಾ?

ಭೂತಗನ್ನಡಿಯಲ್ಲಿ ಆ ಗೆರೆ ತೂತಿನ ಸುತ್ತ ಪೂರ್ಣ ವೃತ್ತವಾಗಿದ್ದರೆ ಬಿರುಕಲ್ಲ, ಒಳಕೊಳವೆ. ದೊಡ್ಡ ತೂತಿನ ಅಥವಾ ಸವೆದ ಬ್ಯಾರಲ್ ಕೊರೆದು, ಒಳಗೆ .22 ಕೊಳವೆ ಕೂರಿಸುವ ವಿಧಾನ ಇದು. ಪಾರ್ಕರ್-ಹೇಲ್ ಕಂಪನಿ ಇದಕ್ಕೆ ‘ಪಾರ್ಕರೈಫ್ಲಿಂಗ್’ ಎಂದು ಹೆಸರಿಟ್ಟು ಹಾಗೆಂದು ಮುದ್ರೆಯನ್ನೂ ಒತ್ತುತ್ತಿತ್ತು. ಅರ್ಧಚಂದ್ರದಂತೆ ನಿಂತುಹೋದ ಗೆರೆ, ಅಥವಾ ಅಂಚಿನತ್ತ ಓಡುವ ಗೆರೆ ಮಾತ್ರ ಬಿರುಕು. ಅಂಥದ್ದನ್ನು ಹಾರಿಸಲೇಬಾರದು.

ನಿಜಕ್ಕೂ .22 ಲಾಂಗ್ ರೈಫಲ್ಲೇ ಅಂತ ಹೇಗೆ ಖಚಿತ ಮಾಡಲಿ?

ತೋಟಾ ತುರುಕಿ ನೋಡುವುದು ತಪ್ಪು ದಾರಿ. ಮೊದಲು ದಿಮ್ಮಿಯ ಮುಖ ನೋಡಿ: ಸೂಜಿಯ ತೂತು ತೋಟಾದ ಅಂಚಿಗೆ ಬಡಿಯುವ ಜಾಗದಲ್ಲಿದ್ದರೆ ರಿಮ್‌ಫೈರ್, ನಟ್ಟನಡುವೆ ಇದ್ದರೆ ಸೆಂಟರ್‌ಫೈರ್. ನಡುವಿನ ತೂತಿಗೆ ಬಿರಡೆ ಹಾಕಿ ಪಕ್ಕದಲ್ಲಿ ಹೊಸದು ಕೊರೆದಿದ್ದರೆ ಪರಿವರ್ತನೆಯಾಗಿದೆ.

ಚೇಂಬರಿನ ಅಚ್ಚು ತೆಗೆಯಲು ಸೆರೋಸೇಫ್ ಎಂಬ ಮಿಶ್ರಲೋಹ ಬಳಸುತ್ತಾರೆ. ಅದು 90 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೇ ಕರಗುತ್ತದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ಬ್ಯಾರಲ್‌ಗೆ ಚೇಂಬರಿನಿಂದ ಅರ್ಧ ಅಂಗುಲ ಮುಂದೆ ಬಟ್ಟೆಯ ಬಿರಡೆ ಇಟ್ಟು, ಸುರಿದು, ಗಟ್ಟಿಯಾದ ಕೂಡಲೇ ತಳ್ಳಿ ತೆಗೆಯಬೇಕು. ತಡಮಾಡಿದರೆ ಹಿಗ್ಗಿ ಒಳಗೇ ಕಚ್ಚಿಕೊಳ್ಳುತ್ತದೆ. ಅಳೆಯುವುದು ಸುಮಾರು ಒಂದು ಗಂಟೆಯ ನಂತರ, ಆಗ ಅಚ್ಚು ಚೇಂಬರಿನ ನಿಜ ಅಳತೆಗೆ ಬಂದಿರುತ್ತದೆ.

ಬ್ಯಾರಲ್ ಒಳಗಿನ ಸುರುಳಿ ಗೀರುಗಳ ತಿರುವಿನ ಅಳತೆಗೆ ಬಿಗಿಯಾದ ಬಟ್ಟೆ ಸುತ್ತಿದ ಸರಳು ಬೇಕು, ಹಿಡಿ ತಿರುಗುವಂತಿರಬೇಕು. ಸರಳಿನ ಮೇಲೊಂದು ಗೀಟು ಹಾಕಿ ತಳ್ಳಿ, ಗೀಟು ಒಂದು ಪೂರ್ಣ ಸುತ್ತು ಬರುವಷ್ಟರಲ್ಲಿ ಸರಳು ಹೋದ ದೂರವೇ ತಿರುವು. .22 ಲಾಂಗ್ ರೈಫಲ್‌ಗೆ 16 ಅಂಗುಲ ರೂಢಿ.

ಸೈಟ್ ಮೇಲೆ ಪಾರ್ಕರ್ ಅಂತ ಇದೆ. ರೈಫಲ್ ಕೂಡ ಪಾರ್ಕರ್ ಮಾಡಿದ್ದಾ?

ಸೈಟ್ (ಗುರಿ ಹಿಡಿಯಲು ನೋಡುವ ಸಾಧನ) ಅನ್ನು ಸಾಕ್ಷಿಗೆ ಕರೆಯಬೇಡಿ, ಅದು ಎರಡು ಸ್ಕ್ರೂ ಬಿಚ್ಚಿದರೆ ಬೇರೆ ರೈಫಲ್‌ಗೆ ಹೋಗುತ್ತದೆ. ಇಷ್ಟರ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರು ಪಾರ್ಕರ್‌ಗಳಿದ್ದರು: ಎ.ಜಿ. ಪಾರ್ಕರ್, ಮುಂದೆ ಪಾರ್ಕರ್-ಹೇಲ್ ಆದದ್ದು. ಇನ್ನೊಂದು ‘ಟ್ವಿನ್ ಝೀರೋ’ ಸೈಟ್ ಮಾಡುತ್ತಿದ್ದ ಎ.ಜೆ. ಪಾರ್ಕರ್. ಒಂದೇ ಅಕ್ಷರದ ವ್ಯತ್ಯಾಸ.

## ಕಾಗದದ ಹುಡುಕಾಟ

ಬಿಎಸ್‌ಎಗೆ ನಂಬರು ಕಳಿಸಿದರೆ ಜಾತಕ ಕೊಡುತ್ತಾರಾ?

ಆಸೆ ಕಡಿಮೆ ಇಟ್ಟುಕೊಳ್ಳಿ. 1940ರ ನವೆಂಬರ್ 19ರ ರಾತ್ರಿ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು, 53 ಕೆಲಸಗಾರರು ಸತ್ತರು. ಎಪ್ಪತ್ತರ ದಶಕದಲ್ಲಿ ಸಂಸ್ಥೆಯೇ ಕುಸಿಯಿತು, 1986ರಲ್ಲಿ ಬಂದೂಕು ವಿಭಾಗ ಸ್ಪೇನಿನ ಗಾಮೊ ಕೈಗೆ ಹೋಯಿತು. ವಾರಿಕ್ ವಿಶ್ವವಿದ್ಯಾಲಯದ ಮಾಡರ್ನ್ ರೆಕಾರ್ಡ್ಸ್ ಸೆಂಟರ್‌ನಲ್ಲಿ ಬಿಎಸ್‌ಎ ಕಡತಗಳಿವೆ, ಆದರೆ ಅವು ಕಂಪನಿಯ ವ್ಯವಹಾರದವು. ಅಲ್ಲಿ ನಿಮ್ಮ ರೈಫಲ್ ಕೊಂಡವರ ಹೆಸರು ಹುಡುಕುವುದು ವ್ಯರ್ಥ.

ಹೋಲಿಕೆಗೆ ಲೀಡ್ಸ್‌ನ ರಾಯಲ್ ಆರ್ಮರೀಸ್, ಬಿಸ್ಲಿಯಲ್ಲಿರುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಸಂಗ್ರಹಾಲಯ ಉತ್ತಮ. ಆರ್ಮಿ ಆ್ಯಂಡ್ ನೇವಿ ಮೂಲಕ ಮಾರಾಟವಾಗಿದ್ದರೆ ಅದೃಷ್ಟ ಖುಲಾಯಿಸಿತೆನ್ನಿ. ಅವರ ಬಂದೂಕು ಮಾರಾಟದ ಲೆಡ್ಜರ್‌ಗಳು ಗ್ಲಾಸ್ಗೊ ವಿಶ್ವವಿದ್ಯಾಲಯದ ದಾಖಲಾಗಾರದಲ್ಲಿ ಉಳಿದಿವೆ.

ಪತ್ರದಲ್ಲಿ ಏನೇನು ಬರೆಯಬೇಕು?

‘ನನ್ನ ಬಳಿ ಹಳೆಯ ರೈಫಲ್ ಇದೆ, ವಿವರ ತಿಳಿಸಿ’ ಎಂದು ಒಂದು ಮಸುಕು ಫೋಟೊ ಕಳಿಸಿದರೆ ಉತ್ತರ ಬಾರದು. ಎಡ, ಬಲ, ಮೇಲಿನಿಂದ ಮೂರು ಪೂರ್ಣ ಫೋಟೊ. ಪ್ರತಿ ಮುದ್ರೆಗೂ ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಟ್ಟು ಹತ್ತಿರದ ಫೋಟೊ. ಬ್ಯಾರಲ್ ಉದ್ದ, ಎರಡು ಕಡೆಯ ದಪ್ಪ, ತೂಕ, ತಿರುವು. ಬರಹಗಳನ್ನು ಚುಕ್ಕೆ ಸಮೇತ ಇದ್ದಂತೆಯೇ ನಕಲು ಮಾಡಿ. ಪ್ರಶ್ನೆ ಒಂದೇ ಇರಲಿ: ‘ಈ ಅಕ್ಷರ 1929–30 ಎಂದು ಓದಿದ್ದೇವೆ, ಸರಿಯೇ?’ ಎಂಬಂಥದ್ದು. ಪೂರ್ಣ ಸೀರಿಯಲ್ ನಂಬರನ್ನು ಸಂಸ್ಥೆಗಳಿಗೆ ಮಾತ್ರ ಕೊಡಿ. ಸಾರ್ವಜನಿಕವಾಗಿ ಹಾಕುವಾಗ ಕೊನೆಯ ಎರಡು ಅಂಕಿ ಮುಚ್ಚಿ.

ಪೇಟೆಂಟ್ ನಂಬರು ಇದೆ, ಹುಡುಕಿದರೆ ಸೋಪಿನ ಡಬ್ಬಿ ಬರುತ್ತಿದೆ!

1916ಕ್ಕೂ ಮೊದಲು ಬ್ರಿಟಿಷ್ ಪೇಟೆಂಟ್ ಸಂಖ್ಯೆ ಪ್ರತಿ ಜನವರಿಗೆ ಒಂದರಿಂದ ಶುರುವಾಗುತ್ತಿತ್ತು. ಹಾಗಾಗಿ 8,000ನೇ ನಂಬರು ವರ್ಷಕ್ಕೊಂದರಂತೆ ಇದೆ. ವರ್ಷ ಬರೆದಿಲ್ಲವಾದರೆ ನಿಮ್ಮ ಅಂದಾಜು ವರ್ಷಗಳನ್ನು ಒಂದೊಂದಾಗಿ ಸೇರಿಸಿ ಎಸ್ಪಾಸ್‌ನೆಟ್ ಎಂಬ ಪೇಟೆಂಟ್ ಜಾಲತಾಣದಲ್ಲಿ ಹುಡುಕಿ. 1916ರಿಂದ 1,00,001ರಿಂದ ಆರಂಭಿಸಿ ಒಂದೇ ಸರಣಿ, ಆಗ ತೊಂದರೆಯಿಲ್ಲ. ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಪೇಟೆಂಟ್ ಅಲ್ಲ, 1884ರಿಂದ ನಡೆದ ವಿನ್ಯಾಸ ನೋಂದಣಿ. ಅದರ ದಾಖಲೆ ಲಂಡನ್ ಬಳಿಯ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿದೆ. ಎರಡೂ ಹೇಳುವುದು ‘ಇದಕ್ಕಿಂತ ಹಳೆಯದಲ್ಲ’ ಎಂದಷ್ಟೆ.

ಬಟ್ಟಿನಲ್ಲಿ ಬೆಳ್ಳಿಯ ಬಿಲ್ಲೆ ಇದೆ, ಹೆಸರು ಸವೆದಿದೆ.

ಹೆಸರು ಬಿಡಿ, ಬೆಳ್ಳಿಯ ಮುದ್ರೆ ನೋಡಿ. ಲಂಗರಿನ ಚಿತ್ರವಿದ್ದರೆ ಬರ್ಮಿಂಗ್‌ಹ್ಯಾಮ್ ಬೆಳ್ಳಿ ಪರೀಕ್ಷೆ, ಪಕ್ಕದ ಅಕ್ಷರ ವರ್ಷ; ಚೌಕಟ್ಟಿನ ಆಕಾರವನ್ನೂ ಸೇರಿಸಿ ಕೋಷ್ಟಕಕ್ಕೆ ತಾಳೆ ನೋಡಬೇಕು. ಅದು ಬಿಲ್ಲೆಯ ವರ್ಷ. ಬಹುಮಾನದ ಬಿಲ್ಲೆಯನ್ನು ಹಳೆಯ ರೈಫಲ್‌ಗೆ ಕೂರಿಸುವುದು ಮಾಮೂಲು.

## ಗಂಟಿನ ಪ್ರಶ್ನೆಗಳು

ಇಂಥದ್ದು ಎಲ್ಲೂ ಕಾಣಲಿಲ್ಲ. ಕಾರ್ಖಾನೆಯ ಮೊದಲ ಮಾದರಿ ಇರಬಹುದಾ?

ಇರಬಹುದು, ಆದರೆ ಹತ್ತರಲ್ಲಿ ಒಂಬತ್ತು ಸಲ ಅದು ಊರಿನ ಗನ್‌ಸ್ಮಿತ್‌ನ ಕೈಚಳಕ. ಮೊದಲು ಸ್ಕ್ರೂಗಳ ಎಳೆ ಅಳೆಯಿರಿ. ಬ್ರಿಟಿಷ್ ಎಳೆಯ ನಡುವೆ ಮೆಟ್ರಿಕ್ ಸ್ಕ್ರೂ ಬಂದರೆ ಆ ಭಾಗ ಆಮೇಲಿನದು. ಕೊರೆದ ತೂತು ಮುದ್ರೆಯ ಅಕ್ಷರವನ್ನು ಕಡಿದು ಹೋಗಿದೆಯೇ ನೋಡಿ, ಕಾರ್ಖಾನೆ ಹಾಗೆ ಮಾಡುವುದಿಲ್ಲ. ಮುದ್ರೆಯ ಸುತ್ತ ಲೋಹ ಉಬ್ಬಿರದೆ ನುಣುಪಾಗಿದ್ದರೆ ಮುದ್ರೆ ಒತ್ತಿದ ಮೇಲೆ ಯಾರೋ ಪಾಲಿಶ್ ಮಾಡಿ ಮರು-ಬಣ್ಣ ಹಾಕಿದ್ದಾರೆ. ಇವೆಲ್ಲ ದಾಟಿದ ಮೇಲೂ ವಿಚಿತ್ರ ಉಳಿದರೆ ಆಗ ಕ್ಯಾಟಲಾಗ್, ಪೇಟೆಂಟ್ ಚಿತ್ರಗಳಿಗೆ ಹೋಗಿ.

ಅಪರೂಪದ್ದು ಅಂದ್ರೆ ಬೆಲೆ ಎಷ್ಟು?

ಅಪರೂಪಕ್ಕೂ ಬೆಲೆಗೂ ನೇರ ಸಂಬಂಧವಿಲ್ಲ. ಬ್ರಿಟನ್ನಿನಲ್ಲಿ ಈ ರೈಫಲ್‌ಗಳು ಬೇಕಾದಷ್ಟಿವೆ. ಭಾರತದಲ್ಲಿ ಕೊಳ್ಳುವವರಿಗೆ ಲೈಸೆನ್ಸ್, ಅದರಲ್ಲಿ ಇನ್ನೊಂದು ಬಂದೂಕಿಗೆ ಖಾಲಿ ಜಾಗ, ಎರಡೂ ಇರಬೇಕು. ಇಲ್ಲಿನ ಬೆಲೆಗೂ ಅಲ್ಲಿನ ಬೆಲೆಗೂ ಅಜಗಜಾಂತರ. ಬ್ಯಾರಲ್‌ನ ಒಳಮೈ ಕನ್ನಡಿಯಂತಿದೆಯೋ ಜಲ್ಲಿ ರಸ್ತೆಯಂತಿದೆಯೋ ಎಂಬುದು ಹೆಸರಿಗಿಂತ ಮುಖ್ಯ.

ಎಲ್ಲ ಹುಡುಕಿದ ಮೇಲೆ ಏನಂತ ಬರೆದಿಡಲಿ?

ಪ್ರತಿ ಸಂಗತಿಯ ಪಕ್ಕ ಅದು ಎಲ್ಲಿಂದ ತಿಳಿಯಿತು ಎಂದು ಬರೆಯಿರಿ. ಮನೆಯವರು ಹೇಳಿದ್ದನ್ನೂ ಬರೆಯಿರಿ, ‘ಮನೆಮಾತು’ ಎಂದು ಗುರುತಿಸಿ. ಮಾದರಿಗೆ:

ಆ್ಯಕ್ಷನ್: ಬಿಎಸ್‌ಎ ಸಣ್ಣ ಮಾರ್ಟಿನಿ, ಮೂರು ರೈಫಲ್ ಮುದ್ರೆ, ಕಣ್ಣಾರೆ ಕಂಡದ್ದು. ಬ್ಯಾರಲ್: 29 ಅಂಗುಲ, ತಿರುವು 16, ಅಳೆದದ್ದು; ಆ್ಯಕ್ಷನ್ ನಂಬರಿಗೆ ಹೊಂದುತ್ತದೆ. ಪರೀಕ್ಷೆ: ಬರ್ಮಿಂಗ್‌ಹ್ಯಾಮ್, ವರ್ಷದ ಅಕ್ಷರ ‘ಜೆ’, 1929–30, ಪೆನ್ಸಿಲ್ ಅಚ್ಚು ಲಕೋಟೆಯಲ್ಲಿದೆ. ಮಾರಾಟಗಾರ: ಮದರಾಸಿನ ಅಂಗಡಿ, ಬ್ಯಾರಲ್ ಮೇಲಿನ ಕೆತ್ತನೆ. ಹಿಂದಿನ ಸೈಟ್: ಆಮೇಲೆ ಹಾಕಿದ್ದು, ಹಳೆಯ ಸ್ಕ್ರೂ ತೂತುಗಳು ಕಾಣುತ್ತವೆ. ಮೊದಲ ಒಡೆಯ: ತೋಟದ ದೊರೆ, ಮನೆಮಾತು. ಲೈಸೆನ್ಸ್‌ನಲ್ಲಿ ಮೊದಲ ನಮೂದು: ವರ್ಷ ಮತ್ತು ಪುಟ.

ಎರಡು ಪ್ರತಿ ಮಾಡಿ. ಒಂದು ಲೈಸೆನ್ಸ್ ಜೊತೆ, ಇನ್ನೊಂದು ಮಡಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಟ್ ಪ್ಲೇಟಿನ ಹಿಂದೆ.